ಘೇಂಡಾಮೃಗದ ಬಾಂಡು, ಕೊಕ್ಕರೆ ಬೆಳ್ಳೂರಿನ ಹುಣಸೆ ಮರ: ನಮ್ಮ ಕಡೆ ಈ ಲೆಕ್ಕ ಕೂಡುತ್ತಾ?

ಒಂಟಿಕೊಪ್ಪಲ್ ಓದುಗ

ವಿಶ್ವಬ್ಯಾಂಕ್ 2022ರ ಮಾರ್ಚ್‌ನಲ್ಲಿ ಒಂದು ಬಾಂಡ್, ಅಂದರೆ ಹೂಡಿಕೆದಾರರಿಂದ ಸಾಲ ಎತ್ತೋ ಪತ್ರ, ತಂದಿತ್ತು. ಎಲ್ಲರೂ ಅದನ್ನು ‘ರೈನೋ ಬಾಂಡ್’ ಅಂತಲೇ ಕರೆಯುತ್ತಾರೆ. ಅದರ ಲೆಕ್ಕ ನೋಡಿದ ಮೇಲೆ ನಮ್ಮ ಮೈಸೂರು, ಮಂಡ್ಯ ಕಡೆ ಇಂಥದ್ದು ನಡೆಯುತ್ತಾ ಅನ್ನೋ ಪ್ರಶ್ನೆ ತಲೆ ಬಿಟ್ಟು ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಲೆಕ್ಕ ಹೀಗಿದೆ. ಒಟ್ಟು 15 ಕೋಟಿ ಡಾಲರ್, ಅವಧಿ 5 ವರ್ಷ. 100 ಡಾಲರ್ ಮುಖಬೆಲೆಯ ಬಾಂಡನ್ನು 94.84ಕ್ಕೆ ಮಾರಿದರು. ಕೊಂಡವರಿಗೆ ವರ್ಷ ವರ್ಷ ಬಡ್ಡಿ ಬರಲ್ಲ. ಬಡ್ಡಿಯ ಬದಲು ಸುಮಾರು 15.2 ಕೋಟಿ ರ‍್ಯಾಂಡ್ (ದಕ್ಷಿಣ ಆಫ್ರಿಕಾದ ಹಣ) ಅಲ್ಲಿನ ಎರಡು ಕಾಡಿಗೆ ಹೋಗುತ್ತೆ. ಒಂದು ಆಡೋ ಎಲಿಫೆಂಟ್ ನ್ಯಾಷನಲ್ ಪಾರ್ಕ್, ಇನ್ನೊಂದು ಗ್ರೇಟ್ ಫಿಶ್ ರಿವರ್ ಅಭಯಾರಣ್ಯ. 2027ರ ಮಾರ್ಚ್‌ಗೆ ಅವಧಿ. ಆಗ ಅಸಲು 100 ವಾಪಸ್, ಅದರ ಮೇಲೆ ಅಲ್ಲಿನ ಕಪ್ಪು ಘೇಂಡಾಮೃಗಗಳ ಸಂಖ್ಯೆ ಎಷ್ಟು ಬೆಳೆದಿದೆ ನೋಡಿಕೊಂಡು ಒಂದು ಬಹುಮಾನ. ವರ್ಷಕ್ಕೆ ಶೇ 4ಕ್ಕಿಂತ ಜಾಸ್ತಿ ಬೆಳೆದಿದ್ದರೆ ಪೂರ್ತಿ ಬಹುಮಾನ, ಬೆಳೆಯದೇ ಇದ್ದರೆ ಏನೂ ಇಲ್ಲ. ಈ ಬಹುಮಾನದ ಹಣ, ಅಂದರೆ 1.376 ಕೋಟಿ ಡಾಲರ್‌ವರೆಗೆ, ಕಾಡಿನ ಜೇಬಿನಿಂದ ಹೋಗಲ್ಲ. ಗ್ಲೋಬಲ್ ಎನ್ವಿರಾನ್‌ಮೆಂಟ್ ಫೆಸಿಲಿಟಿ, ಅಂದರೆ ಜಿಇಎಫ್ ಅನ್ನೋ ಅಂತರರಾಷ್ಟ್ರೀಯ ಪರಿಸರ ನಿಧಿ, ಕೊಡುತ್ತೆ.

ನಾನೇ ಕೂತು ಗುಣಿಸಿ ನೋಡಿದೆ. ಬಹುಮಾನ ಬರದಿದ್ದರೆ ಹಣ ಹಾಕಿದವನಿಗೆ ವರ್ಷಕ್ಕೆ ಶೇ 1ರ ಆಸುಪಾಸು. ಪೂರ್ತಿ ಬಂದರೆ ಶೇ 3ಕ್ಕೆ ಸ್ವಲ್ಪ ಕಡಿಮೆ. ದೊಡ್ಡ ಲಾಭವೇನಲ್ಲ, ಆದರೆ ಅಸಲು ಮುಳುಗಲ್ಲ, ಕಾಡಿಗೆ ಹಣ ಮೊದಲೇ ಸಿಕ್ಕಿಬಿಡುತ್ತೆ. ಕಪ್ಪು ಘೇಂಡಾಮೃಗ 1970ರ ಹೊತ್ತಿಗೆ ಆಫ್ರಿಕಾದಲ್ಲಿ ಸುಮಾರು 65,000 ಇದ್ದದ್ದು 90ರ ದಶಕದ ನಡುವೆ 2,500ರ ಆಸುಪಾಸಿಗೆ ಇಳಿದಿತ್ತು. ಅಷ್ಟು ಕೆಟ್ಟಿದ್ದ ಪ್ರಾಣಿಯ ಹೆಸರಲ್ಲಿ ಪೆನ್ಷನ್ ಫಂಡ್‌ನಂಥವರ ದುಡ್ಡು ತರೋದು ಸಣ್ಣ ಮಾತಲ್ಲ, ಅಲ್ವಾ?

ನಮ್ಮ ಸುತ್ತ ನಾಗರಹೊಳೆ, ಬಂಡೀಪುರ, ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಮೇಲುಕೋಟೆ ಎಲ್ಲ ಇವೆ. ಜೊತೆಗೆ ಬೆಳೆಯುತ್ತಲೇ ಇರುವ ಊರು. ಇಲ್ಲಿ ಯಾರು ಕೊಡಬೇಕು, ಏನು ಎಣಿಸಬೇಕು?

ಯಾಕ್‌ ಸ್ವಾಮಿ

ಓದಿದೆ. ಒಂದೇ ಪ್ರಶ್ನೆ. ಜಿಇಎಫ್ ಆ 1.376 ಕೋಟಿ ಡಾಲರನ್ನ ನೇರವಾಗಿ ಕಾಡಿಗೇ ಕೊಟ್ಟಿದ್ದರೆ ಆಗುತ್ತಿರಲಿಲ್ವಾ? ನಡುವೆ ಬಾಂಡು, ಬ್ಯಾಂಕು, ವಕೀಲರು, ಎಣಿಸೋರು, ಎಣಿಸಿದ್ದು ಸರಿ ಇದೆಯಾ ಅಂತ ನೋಡೋರು. ಇವರೆಲ್ಲ ಪುಗಸಟ್ಟೆ ಕೆಲಸ ಮಾಡುತ್ತಾರಾ?

ಲೆಕ್ಕದ ಪುಸ್ತಕ, ಸರಸ್ವತಿಪುರಂ

@ಯಾಕ್‌ ಸ್ವಾಮಿ, ಖರ್ಚಿನ ಮಾತು ನಿಜ. ಆದರೆ ನೇರ ಕೊಟ್ಟರೆ, ಕೆಲಸ ಆಗದಿದ್ದರೂ ಜಿಇಎಫ್ ಹಣ ಹೋಗಿರುತ್ತಿತ್ತು. ಈಗ ಘೇಂಡಾಮೃಗ ಬೆಳೆಯದಿದ್ದರೆ ಅದರ ಹಣ ಅದರ ಹತ್ತಿರವೇ ಉಳಿಯುತ್ತೆ. ನಷ್ಟ ಆಗೋದು ಬಡ್ಡಿ ಬಿಟ್ಟುಕೊಟ್ಟ ಹೂಡಿಕೆದಾರನಿಗೆ. ಕಾಡು ಕಾಯೋ ಗಾರ್ಡ್‌ಗೆ ಎರಡೂ ಸಂದರ್ಭದಲ್ಲಿ ಸಂಬಳ ಬಂದಿರುತ್ತೆ. ಈ ಬಾಂಡಿನಲ್ಲಿ ನನಗೆ ಇಷ್ಟ ಆಗಿದ್ದು ಇದೊಂದೇ. ಸೋಲನ್ನು ತಡೆದುಕೊಳ್ಳೋ ಶಕ್ತಿ ಇರೋನ ತಲೆ ಮೇಲೆ ಸೋಲನ್ನು ಹಾಕಿದ್ದಾರೆ.

ನಮ್ಮ ದೇಶದಲ್ಲೂ ಈ ಥರ ಆಗಿದೆ, ಕಾಡಿಗಲ್ಲ, ಶಾಲೆಗೆ. ರಾಜಸ್ಥಾನದಲ್ಲಿ 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಅನ್ನೋ ಸಂಸ್ಥೆ ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸೋ ಕೆಲಸ ಮಾಡಿತು. ಮೊದಲು ಹಣ ಹಾಕಿದ್ದು ಯುಬಿಎಸ್ ಆಪ್ಟಿಮಸ್ ಫೌಂಡೇಶನ್. ಫಲ ಕಂಡ ಮೇಲೆ ಆ ಹಣ ಲಾಭ ಸಮೇತ ವಾಪಸ್ ಕೊಟ್ಟಿದ್ದು ಇನ್ನೊಂದು ಸಂಸ್ಥೆ. ಕಲಿಕೆಯ ಗುರಿಯನ್ನು 100 ಅಂದುಕೊಂಡರೆ ಫಲ 160 ಮುಟ್ಟಿತು. ಹಾಗಾಗಿ ಇದು ನಮ್ಮಲ್ಲಿ ಆಗದ ಮಾತು ಅಂತ ಸುಮ್ನೆ ತಳ್ಳಿಹಾಕೋ ಹಾಗಿಲ್ಲ.

ಸೈಕಲ್ ಸವಾರ, ಕುವೆಂಪುನಗರ

ಜಿಇಎಫ್ ಅಂದ ಕೂಡಲೇ ನೆನಪಾಯಿತು. ನಮ್ಮ ಮೈಸೂರಿನ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲಿಗೂ ಇದೇ ಜಿಇಎಫ್ ದುಡ್ಡು ಬಂದಿತ್ತು! 2017ರ ಜೂನ್‌ನಲ್ಲಿ ಶುರುವಾಯಿತು, 450 ಸೈಕಲ್, 48 ಡಾಕ್ (ಸೈಕಲ್ ತೆಗೆದುಕೊಂಡು ವಾಪಸ್ ಬಿಡೋ ನಿಲ್ದಾಣ). ಅದಕ್ಕೂ ಮೊದಲು 2012ರಲ್ಲಿ ಸಿಟಿ ಬಸ್‌ಗಳಿಗೆ ಜಿಪಿಎಸ್ ಹಾಕಿ, ಸ್ಟಾಪಿನಲ್ಲಿ ಬಸ್ ಎಷ್ಟು ನಿಮಿಷಕ್ಕೆ ಬರುತ್ತೆ ಅಂತ ತೋರಿಸೋ ಬೋರ್ಡ್ ಹಾಕಿದರಲ್ಲ, ಅದರ ಹಿಂದೆಯೂ ಇದೇ ಜಿಇಎಫ್ ಇತ್ತು. ಘೇಂಡಾಮೃಗಕ್ಕೆ ಬಹುಮಾನ ಕೊಡೋರೂ ನಮ್ಮೂರ ಸೈಕಲ್ಲಿಗೆ ಕೊಟ್ಟೋರೂ ಒಬ್ಬರೇ. ಇದು ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ತಮಾಷೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ 100 ಊರಿನಲ್ಲಿ ಮೈಸೂರು ಇರಲೇ ಇಲ್ಲ. ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಆಮೇಲೆ ಬೆಂಗಳೂರು. ನಾವಿಲ್ಲ. 2015ರಲ್ಲಿ ಶುರುವಾದ ಆ ಯೋಜನೆ 2025ರ ಮಾರ್ಚ್‌ಗೆ ಮುಗಿದೂ ಹೋಯಿತು. ಆದರೆ ಸೈಕಲ್ಲೂ ಬಸ್ಸಿನ ಬೋರ್ಡೂ ಆ ಯೋಜನೆಯ ಊರುಗಳಿಗಿಂತ ಮೊದಲೋ ಅದೇ ಹೊತ್ತಿಗೋ ಇಲ್ಲಿ ಬಂದಿದ್ದವು. ಹಣೆಪಟ್ಟಿ ಇಲ್ಲದೆ.

ಆದರೂ ಸೈಕಲ್ಲಿಗೆ ಫಲ ನೋಡಿ ಹಣ ಅಂದಿದ್ದರೆ ಏನು ಎಣಿಸುತ್ತಿದ್ದರು? ಸದಸ್ಯರನ್ನು ಎಣಿಸಿದರೆ ಕಾಲೇಜಿನ ಮುಂದೆ ಟೇಬಲ್ ಹಾಕಿ ಒಂದೇ ವಾರಕ್ಕೆ ಸಾವಿರ ಜನರನ್ನು ಸೇರಿಸಬಹುದು. ಒಬ್ಬನೂ ಸೈಕಲ್ ಮುಟ್ಟದಿದ್ದರೂ ಗುರಿ ಮುಟ್ಟಿದ ಹಾಗೆಯೇ. ಎಣಿಸಬೇಕಾದ್ದು ಬೆಳಿಗ್ಗೆ ಎಂಟೂವರೆಗೆ ಡಾಕ್‌ನಲ್ಲಿ ಓಡಿಸೋ ಸ್ಥಿತಿಯಲ್ಲಿ ಇರುವ ಸೈಕಲ್ಲುಗಳನ್ನು. ಗಾಳಿ ಇದೆಯಾ, ಚೈನ್ ಇದೆಯಾ, ಬೀಗ ಬಿಡುತ್ತಾ. ಅಷ್ಟೇ.

ಹೆಜ್ಜಾರ್ಲೆ ಊರಿನವ, ಮದ್ದೂರು ತಾಲ್ಲೂಕು

ಕೊಕ್ಕರೆ ಬೆಳ್ಳೂರಿನ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಪಕ್ಕದ ಊರು, ನಮ್ಮ ಅಜ್ಜಿ ಮನೆ ಬೆಳ್ಳೂರಿನಲ್ಲೇ. ನೀವು ಆಫ್ರಿಕಾದಿಂದ ಶುರು ಮಾಡಿದ್ದೀರಿ. ಹಕ್ಕಿ ಉಳಿಸಿದ್ದಕ್ಕೆ ದುಡ್ಡು ಕೊಡೋ ಪದ್ಧತಿ ಇಲ್ಲಿ ಆಗಲೇ ಇದೆ, ಗೊತ್ತಾ?

ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎರಡೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅದರಲ್ಲಿ ಹುಣಸೆ ಮರವೇ ಜಾಸ್ತಿ. ಹಕ್ಕಿ ಗೂಡಲ್ಲಿ ಮರಿ ಇರೋ ಹೊತ್ತಿಗೇ ಹುಣಸೆಹಣ್ಣು ಬಡಿಯೋ ಕಾಲ ಬರುತ್ತೆ. ಗಳು, ಅಂದರೆ ಉದ್ದ ಕೋಲು, ಹಿಡಿದು ಬಡಿದರೆ ಮರಿ ಉದುರುತ್ತೆ. ಬಡಿಯದಿದ್ದರೆ ಹಣ್ಣು ಮರದಲ್ಲೇ ಹಾಳು. ಅದಕ್ಕೆ ಗೂಡಿರೋ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಅಂತ ಒಂದಿಷ್ಟು ಕೊಡುತ್ತೆ. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರೇಮಿಗಳು ಬಂದು ಊರ ಹುಡುಗರ ಜೊತೆ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಬಲೆ ಕಟ್ಟಿದ ಆವರಣದಲ್ಲಿ ಇಟ್ಟು, ಮೀನು ಹಾಕಿ ಸಾಕಿ, ಹಾರೋ ಹಾಗಾದ ಮೇಲೆ ಬಿಡುತ್ತಿದ್ದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಅಂತ ಘೋಷಿಸಿತು. ಮರದ ಕೆಳಗೆ ಬೀಳೋ ಹಿಕ್ಕೆ ಗೊಬ್ಬರಕ್ಕೆ ಆಗುತ್ತೆ. ಹಿಂದೆ ಗುಂಡಿ ತೋಡಿ, ಕೆರೆ ಗೋಡು ಹಾಕಿ, ಹಿಕ್ಕೆ ಸೇರಿಸಿ ಗದ್ದೆಗೆ ಹೊಡೆಯುತ್ತಿದ್ದರು. ಆ ಲಾಭ ಇತ್ತು ಅಂತಲೇ ವಾಸನೆ ಸಹಿಸಿಕೊಂಡರು. ಬೇಸಿಗೆಯಲ್ಲಿ ಆ ಮರದ ಕೆಳಗೆ ಐದು ನಿಮಿಷ ನಿಂತು ನೋಡಿ, ಗೊತ್ತಾಗುತ್ತೆ. ಅಂಗಳದಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ.

ಈಗ ನಿಮ್ಮ ಬಾಂಡಿನ ಲೆಕ್ಕಕ್ಕೆ ಬರೋಣ. ಗೂಡು ಎಣಿಸಿ ದುಡ್ಡು ಕೊಡುತ್ತೀರಿ ಅಂದುಕೊಳ್ಳಿ. ಎಣಿಸೋದು ಸುಲಭ, ಕತ್ತೆತ್ತಿ ನೋಡಿದರೆ ಆಯಿತು. ಆದರೆ ಹಕ್ಕಿ ಬರೋದು ಬಿಡೋದು ಮರದ ಯಜಮಾನನ ಕೈಲಿಲ್ಲ. ಶಿಂಷಾ ಹೊಳೆಯಲ್ಲಿ, ಸುತ್ತಲ ಕೆರೆಗಳಲ್ಲಿ ನೀರು ಎಷ್ಟಿದೆ, ಮೀನು ಎಷ್ಟಿದೆ ಅದರ ಮೇಲೆ ಇದೆ. 2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯೋಕೆ ಶುರುವಾದವು. ಕಾರಣ ಹೊಟ್ಟೆಯ ಜಂತುಹುಳ, ಅದು ತಿಂದ ಮೀನಿನಿಂದ ಬಂದದ್ದು. ಕೆರೆ ನೀರು ಕೆಟ್ಟಿದ್ದಕ್ಕೆ ಹುಣಸೆ ಮರದವರ ದುಡ್ಡು ಕತ್ತರಿಸುತ್ತೀರಾ?

ಲೆಕ್ಕದ ಪುಸ್ತಕ, ಸರಸ್ವತಿಪುರಂ

ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬರಲಿಕ್ಕಿಲ್ಲ. ಮರದವರಿಗೆ ಕೊಡೋದು ಖಾತ್ರಿ ಹಣ ಆಗಿರಬೇಕು, ಗೂಡು ಕಡಿಮೆ ಆದರೂ ಜಾಸ್ತಿ ಆದರೂ. ಫಲದ ಲೆಕ್ಕ ಹೂಡಿಕೆದಾರನಿಗೆ ಮಾತ್ರ. ಆಫ್ರಿಕಾದ ಬಾಂಡಿನಲ್ಲಿ ಇರೋದೂ ಅದೇ. ನಮ್ಮ ಕಡೆ ‘ಫಲ ನೋಡಿ ಹಣ’ ಅಂತ ಹೇಳಿದ ಕೂಡಲೇ ಎಲ್ಲರೂ ಅದನ್ನು ಕೆಳಗಿನವನ ಕೂಲಿಗೇ ಕಟ್ಟುತ್ತಾರೆ. ಅಲ್ಲಿಗೆ ಮುಗಿಯಿತು.

ಒಂಟಿಕೊಪ್ಪಲ್ ಓದುಗ

@ಹೆಜ್ಜಾರ್ಲೆ ಊರಿನವ, ಥ್ಯಾಂಕ್ಸ್. ಅಲ್ಲಿ ಕಪ್ಪು ಘೇಂಡಾಮೃಗವನ್ನೇ ಆರಿಸಿದ್ದಕ್ಕೂ ಇದಕ್ಕೂ ಸಂಬಂಧ ಇದೆ. ಘೇಂಡಾಮೃಗದ ಕಿವಿಯಲ್ಲಿ ಗುರುತಿನ ಕಚ್ಚು ಹಾಕಿರುತ್ತಾರೆ, ಒಂದೊಂದನ್ನೂ ಬೇರೆ ಬೇರೆ ಗುರುತಿಸಬಹುದು. ಅದರ ಸಾವಿಗೆ ಮುಖ್ಯ ಕಾರಣ ಕಳ್ಳಬೇಟೆ. ಕಾವಲು ಬಿಗಿ ಆದರೆ ಸಂಖ್ಯೆ ಏರುತ್ತೆ. ಅಂದರೆ ಹಣ ಹಾಕಿದ್ದಕ್ಕೂ ಫಲಕ್ಕೂ ನೇರ ನಂಟು. ಎಣಿಸಿದ್ದನ್ನು ಪರೀಕ್ಷೆ ಮಾಡೋರು ಕೂಡ ಹೊರಗಿನವರು, ಲಂಡನ್ನಿನ ಪ್ರಾಣಿಶಾಸ್ತ್ರ ಸಂಸ್ಥೆ. ನಮ್ಮಲ್ಲಿ ಹುಲಿ ಈ ಲೆಕ್ಕಕ್ಕೆ ಒಗ್ಗುತ್ತೆ, ಪಟ್ಟೆ ನೋಡಿ ಕ್ಯಾಮೆರಾದಲ್ಲೇ ಗುರುತಿಸುತ್ತಾರೆ. ಕರ್ನಾಟಕದಲ್ಲಿ 2022ರ ಗಣತಿಗೆ 563 ಹುಲಿ.

ಕಬ್ಬಿನ ಗದ್ದೆ, ಪಾಂಡವಪುರ

ಹುಲಿಗೆ ದುಡ್ಡು ಯಾಕೆ ಸ್ವಾಮಿ? ಬಂಡೀಪುರಕ್ಕೆ, ನಾಗರಹೊಳೆಗೆ ಪ್ರವಾಸಿಗರು ಬರುತ್ತಾರೆ, ಹುಲಿ ಪ್ರತಿಷ್ಠಾನ ಇದೆ, ಕೇಂದ್ರದ ಹಣ ಬರುತ್ತೆ. ಸಾಲದು ಅನ್ನಬಹುದು, ಆದರೆ ಒಂದು ದಾರಿ ಅಂತ ಇದೆ. ನಮ್ಮ ಕಡೆ ಇರೋದು ಚಿರತೆ. ಅದು ಇರೋದು ಕಾಡಲ್ಲಿ ಅಲ್ಲ, ಕಬ್ಬಲ್ಲಿ. ಸಫಾರಿ ಇಲ್ಲ, ಟಿಕೆಟ್ ಇಲ್ಲ, ಪ್ರತಿಷ್ಠಾನ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಕಳೆದ ಸಲ ನಮ್ಮ ಗದ್ದೆ ಕಟಾವಿನಲ್ಲಿ ಅರ್ಧ ಕಬ್ಬು ಕಡಿದಾಗ ತರಗಿನೊಳಗೆ ಎರಡು ಮರಿ ಸಿಕ್ಕವು. ಕಣ್ಣು ಆಗಷ್ಟೇ ಬಿಟ್ಟಿದ್ದವು. ಬಳ್ಳಾರಿ ಕಡೆಯಿಂದ ಬಂದ ಕಡಿಯೋ ಗ್ಯಾಂಗು ಕತ್ತಿ ಕೆಳಗಿಟ್ಟು ರಸ್ತೆಗೆ ಬಂದು ನಿಂತುಬಿಟ್ಟಿತು. ಇಲಾಖೆಯವರು ಬಂದರು. ಮರಿಗಳನ್ನು ಬುಟ್ಟಿಯಲ್ಲಿ ಅದೇ ಜಾಗದಲ್ಲಿ ಇಡಬೇಕು, ರಾತ್ರಿ ತಾಯಿ ಬಂದು ಒಯ್ಯುತ್ತೆ, ಅಲ್ಲಿವರೆಗೆ ಯಾರೂ ಗದ್ದೆಗೆ ಇಳಿಯಬೇಡಿ ಅಂದರು. ಸರಿಯಾದ ಮಾತೇ. ಮರಿ ಎತ್ತಿಕೊಂಡು ಹೋಗಿದ್ದರೆ ತಾಯಿ ಊರೆಲ್ಲ ಹುಡುಕಿಕೊಂಡು ತಿರುಗುತ್ತಿತ್ತು. ತಾಯಿ ಬಂತು, ಒಯ್ದಿತು, ಎಲ್ಲ ಸರಿ. ಅಷ್ಟರಲ್ಲಿ ಗ್ಯಾಂಗು ಬೇರೆ ಗದ್ದೆಗೆ ಹೋಯಿತು. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯಿತು. ಫ್ಯಾಕ್ಟರಿಯ ಕಟಾವು ಸರದಿಯೂ ತಪ್ಪಿತು. ಇದಕ್ಕೆ ಪರಿಹಾರ ಯಾವ ಅರ್ಜಿಯಲ್ಲಿ ಬರೆಯಬೇಕು? ದನ ಸತ್ತರೆ ಉಂಟು, ಮನುಷ್ಯ ಸತ್ತರೆ ಉಂಟು, ಆನೆ ತುಳಿದರೆ ಉಂಟು. ಚಿರತೆ ಮರಿಗೆ ಜಾಗ ಬಿಟ್ಟಿದ್ದಕ್ಕೆ ಕಾಲಂ ಇಲ್ಲ.

ಚಿರತೆ ಸಂಖ್ಯೆ ಏರಿದರೆ ಹೂಡಿಕೆದಾರನಿಗೆ ಬಹುಮಾನ ಅಂತ ಯಾರಾದರೂ ನಮ್ಮೂರಲ್ಲಿ ಬಂದು ಹೇಳಲಿ ನೋಡೋಣ. 2022ರ ಕೊನೆಗೆ ತಿ.ನರಸೀಪುರದ ಕಡೆ ಜನ ಸತ್ತಿದ್ದು ಯಾರೂ ಮರೆತಿಲ್ಲ. ಅದಾದ ಮೇಲೇ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ಮಾಡಿದ್ದು.

ಸೈಕಲ್ ಸವಾರ, ಕುವೆಂಪುನಗರ

ಚಿರತೆ ಹಳ್ಳಿಗೆ ಮಾತ್ರ ಸೀಮಿತ ಅಲ್ಲ. 2022ರಲ್ಲಿ ಚಿರತೆ ಕಂಡಿತು ಅಂತ ಕೆಆರ್‌ಎಸ್‌ನ ಬೃಂದಾವನ ಉದ್ಯಾನ ಮುಚ್ಚಿದ್ದರು. 2024ರ ಡಿಸೆಂಬರ್ 31ಕ್ಕೆ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ಕಂಡಿತ್ತು, ಅಲ್ಲಿನವರಿಗೆ ಮನೆಯಿಂದಲೇ ಕೆಲಸ ಮಾಡಿ ಅಂದರು. ಐಟಿ ಉದ್ಯೋಗಿಗೆ ಒಂದು ದಿನ ಮನೆಯಿಂದ ಕೆಲಸ, ಕಬ್ಬು ಕಡಿಯೋನಿಗೆ ಕೂಲಿಯೇ ಇಲ್ಲ.

ಲೆಕ್ಕದ ಪುಸ್ತಕ, ಸರಸ್ವತಿಪುರಂ

@ಕಬ್ಬಿನ ಗದ್ದೆ, ನೀವು ಹೇಳಿದ್ದರಲ್ಲೇ ಉತ್ತರ ಇದೆ. ಎಣಿಸಬೇಕಾದ್ದು ಚಿರತೆಯನ್ನಲ್ಲ. ಅರ್ಜಿ ಹಾಕಿದ ದಿನದಿಂದ ಹಣ ಖಾತೆಗೆ ಬರೋವರೆಗೆ ಎಷ್ಟು ದಿನ ಆಯಿತು ಅನ್ನೋದನ್ನು. ಎಷ್ಟು ಕೊಟ್ಟಿಗೆಗೆ ಗಟ್ಟಿ ಜಾಲರಿ, ಬಾಗಿಲು ಬಂತು ಅನ್ನೋದನ್ನು. ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳಲ್ಲಿ 2015ರಿಂದ ‘ವೈಲ್ಡ್ ಸೇವೆ’ ಅಂತ ಒಂದು ನಡೆಯುತ್ತಿದೆ, ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರದ್ದು. ಫೋನ್ ಮಾಡಿದರೆ ಬಂದು ಫೋಟೋ, ಪಹಣಿ, ಅರ್ಜಿ ಎಲ್ಲ ಜೋಡಿಸಿ ಕೊಡುತ್ತಾರೆ. ಪರಿಹಾರ ಕೊಡೋದು ಸರ್ಕಾರವೇ, ಇವರು ಕೊಡಿಸೋಕೆ ಓಡಾಡುತ್ತಾರೆ. ಇಂಥ ಕೆಲಸಕ್ಕೆ ಮುಂಗಡ ಹಣ ಹಾಕೋದು, ದಿನ ಕಡಿಮೆ ಆದಂತೆ ಬೇರೆಯವರು ವಾಪಸ್ ಕೊಡೋದು. ಆಫ್ರಿಕಾದ ಬಾಂಡಿಗಿಂತ ಇದು ನಮಗೆ ಹತ್ತಿರ.

ಈಗ ಊರಿನ ವಿಷಯ. ಕಾಡಿನ ಬಾಂಡಿಗೆ ಬಹುಮಾನ ಕೊಡೋರು ಬೇಕು, ಊರಿನ ಬಾಂಡಿಗೆ ಆದಾಯ ಬೇಕು. ಎರಡನ್ನೂ ಕಲಸಬಾರದು. ನಗರಪಾಲಿಕೆ ಬಾಂಡ್ ಹೊಸದಲ್ಲ. 1997ರಲ್ಲಿ ಬೆಂಗಳೂರೇ ದೇಶದಲ್ಲಿ ಮೊದಲು ತಂದಿದ್ದು, 125 ಕೋಟಿ, ರಾಜ್ಯ ಸರ್ಕಾರದ ಖಾತ್ರಿಯ ಮೇಲೆ. ಮರುವರ್ಷ ಅಹಮದಾಬಾದ್ ಖಾತ್ರಿ ಇಲ್ಲದೆ 100 ಕೋಟಿ ತಂದಿತು. ಗಾಜಿಯಾಬಾದ್ 2021ರಲ್ಲಿ ಕೊಳಚೆ ನೀರು ಶುದ್ಧ ಮಾಡಿ ಕೈಗಾರಿಕೆಗೆ ಮಾರೋಕೆ 150 ಕೋಟಿಯ ಹಸಿರು ಬಾಂಡ್ ಮಾಡಿತು. ಇಂದೋರ್ 2023ರ ಫೆಬ್ರವರಿಯಲ್ಲಿ 244 ಕೋಟಿ ಎತ್ತಿತು, ಶೇ 8.25 ಬಡ್ಡಿ, ಸಾಮಾನ್ಯ ಜನರೂ ಕೊಂಡರು. ಆ ಹಣದಲ್ಲಿ 60 ಮೆಗಾವಾಟ್ ಸೋಲಾರ್. ಯಾಕೆ ಅಂದರೆ ನರ್ಮದೆಯಿಂದ ಇಂದೋರಿಗೆ ನೀರು ಎತ್ತೋ ಪಂಪ್‌ಗಳ ಕರೆಂಟ್ ಬಿಲ್ ಅಷ್ಟಿದೆ. ಉಳಿದ ಬಿಲ್ಲಿನಲ್ಲಿ ಸಾಲ ತೀರಿಸೋ ಲೆಕ್ಕ.

ಮೈಸೂರಿನ ಕಥೆಯೂ ಇದೇ ಅಲ್ವಾ? ನಮ್ಮ ನಲ್ಲಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಕಬಿನಿ ಕಡೆಯಿಂದ ಪಂಪ್ ಆಗಿ ಬರುತ್ತೆ. ಮೊದಲ ಮೂರೂ ಇರೋದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಹಗಲು ರಾತ್ರಿ ಓಡೋ ಪಂಪು. ಬಾಂಡ್ ಮಾಡೋದಿದ್ದರೆ ಇಲ್ಲಿಂದಲೇ ಶುರು ಮಾಡಬೇಕು, ಫೌಂಟನ್ನು, ಲೈಟು, ಡಿಜಿಟಲ್ ಬೋರ್ಡಿನಿಂದ ಅಲ್ಲ. ಅವು ಬಿಲ್ ಹೆಚ್ಚಿಸುತ್ತವೆ, ಉಳಿಸಲ್ಲ.

ಯಾಕ್‌ ಸ್ವಾಮಿ

ಬಾಂಡ್‌ಗೆ ರುಜು ಹಾಕೋರು ಯಾರು? ಪಾಲಿಕೆಯ ಚುನಾಯಿತ ಕೌನ್ಸಿಲ್ ಅವಧಿ 2023ರ ನವೆಂಬರಿಗೇ ಮುಗಿದಿತ್ತು. ಹತ್ತು ವರ್ಷದ ಸಾಲವನ್ನು ಇವತ್ತು ಬಂದು ನಾಳೆ ವರ್ಗ ಆಗೋ ಅಧಿಕಾರಿ ಮಾಡಿಬಿಟ್ಟರೆ, ಕಂದಾಯ ಏರಿದಾಗ ನಾವು ಯಾರ ಮನೆ ಮುಂದೆ ನಿಲ್ಲೋದು?

ಅಂದಹಾಗೆ ಹಳೇ ಮೈಸೂರಿನವರು ಈ ವಿಷಯದಲ್ಲಿ ಜಾಣರಿದ್ದರು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಕೊಟ್ಟರಲ್ಲ, ಆ ಕರೆಂಟ್ ಕೊಳ್ಳೋ ಚಿನ್ನದ ಕಂಪನಿಗಳು ಯಾರು ಅಂತ ಮೊದಲೇ ಗೊತ್ತಿತ್ತು. ಗಿರಾಕಿ ಇಲ್ಲದೆ ತಂತಿ ಎಳೆಯಲಿಲ್ಲ.

ಲೆಕ್ಕದ ಪುಸ್ತಕ, ಸರಸ್ವತಿಪುರಂ

ರುಜು ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಕೌನ್ಸಿಲ್ ಇಲ್ಲದೆ ಬಾಂಡ್ ಬೇಡ. ಕೇಂದ್ರ 100 ಕೋಟಿ ಬಾಂಡಿಗೆ 13 ಕೋಟಿ ಪ್ರೋತ್ಸಾಹ ಕೊಡುತ್ತಿತ್ತು, ಆ ಆಸೆಗೆ ಬಿದ್ದು ಸಾಲ ಮಾಡೋ ಊರುಗಳೂ ಇರುತ್ತವೆ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದಂಥ ಊರು ಒಂಟಿಯಾಗಿ ಬಾಂಡ್ ಮಾರೋಕೆ ಆಗಲ್ಲ, ಯಾರೂ ಕೊಳ್ಳಲ್ಲ. ಒಟ್ಟಾಗಿ ಮಾಡಬಹುದು. ತಮಿಳುನಾಡಿನಲ್ಲಿ 2002ರಲ್ಲೇ 13 ಸಣ್ಣ ಪುರಸಭೆಗಳು ಸೇರಿ ಸುಮಾರು 30 ಕೋಟಿ ಎತ್ತಿದವು. ನಮ್ಮ ರಾಜ್ಯದಲ್ಲಿ 2005ರಲ್ಲಿ ಬೆಂಗಳೂರು ಸುತ್ತಲ 8 ಊರುಗಳ ನೀರಿಗೆ 100 ಕೋಟಿ ಹೀಗೇ ಬಂತು. ಶಿಂಷಾ ದಡದ ಊರುಗಳ ಕೊಳಚೆ ಹೊಳೆಗೆ ಹೋಗದ ಹಾಗೆ ಮಾಡೋಕೆ ಇಂಥದ್ದೊಂದು ಬಂದರೆ ಊರಿಗೂ ಆಯಿತು, ಹೆಜ್ಜಾರ್ಲೆ ತಿನ್ನೋ ಮೀನಿಗೂ ಆಯಿತು.

ಒಂಟಿಕೊಪ್ಪಲ್ ಓದುಗ

ಹಾಗಾದರೆ ಇಲ್ಲಿವರೆಗಿನ ಮಾತಿನಿಂದ ನನಗೆ ಹೊಳೆದದ್ದು ಒಂದು ಸಣ್ಣ ಯೋಜನೆ. ಕೊಕ್ಕರೆ ಬೆಳ್ಳೂರಿಗೆ ಮಾತ್ರ, ಐದು ವರ್ಷಕ್ಕೆ. ಮರದವರಿಗೆ ಪ್ರತಿ ವರ್ಷ ಖಾತ್ರಿ ಹಣ. ಸುತ್ತಲ ಕೆರೆಗಳ ನೀರಿನ ಪರೀಕ್ಷೆಗೆ, ಗೂಡು ಎಣಿಸೋಕೆ ಊರ ಹುಡುಗರಿಗೇ ಸಂಬಳ, ತಾಳೆ ನೋಡೋಕೆ ಮಾತ್ರ ಹೊರಗಿನವರು. ಮೊದಲ ಹಣ ಯಾವುದಾದರೂ ಕಂಪನಿಯ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಇಟ್ಟ ಹಣ) ಅಥವಾ ಫೌಂಡೇಶನ್ ಹಾಕಲಿ. ಗೂಡು, ನೀರು ಎರಡೂ ಸುಧಾರಿಸಿದರೆ ಸರ್ಕಾರವೋ ಇನ್ನೊಬ್ಬ ದಾನಿಯೋ ಅವರಿಗೆ ವಾಪಸ್ ಕೊಡಲಿ. ಸುಧಾರಿಸದಿದ್ದರೆ ಹಾಕಿದವರ ನಷ್ಟ. ಮೈಸೂರು ಮೃಗಾಲಯಕ್ಕೆ ಪ್ರಾಣಿ ದತ್ತು ತೆಗೆದುಕೊಳ್ಳೋ ಜನ ಎಷ್ಟೋ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಟಿಕೆಟ್ ನಿಂತಾಗ ಅಲ್ಲಿಗೆ ಕೋಟಿ ಲೆಕ್ಕದಲ್ಲಿ ದೇಣಿಗೆ ಬಂತು. ಅವರಲ್ಲಿ ಕೆಲವರಾದರೂ ಇಲ್ಲಿಗೆ ಬರಲ್ವಾ?

ಕಬ್ಬಿನ ಗದ್ದೆ, ಪಾಂಡವಪುರ

ಬರಬಹುದು. ಆನೆ, ಜಿರಾಫೆ ದತ್ತು ತೆಗೆದುಕೊಂಡರೆ ಬೋರ್ಡಿನಲ್ಲಿ ಹೆಸರು ಬರುತ್ತೆ. ಯಾರದೋ ಹಿತ್ತಲ ಹುಣಸೆ ಮರಕ್ಕೆ ಹೆಸರು ಎಲ್ಲಿ ಹಾಕುತ್ತೀರಿ? ಅದಿರಲಿ, ಬೆಳ್ಳೂರಿನಲ್ಲಿ ಕೈಗೂಡಿದರೆ ಆಮೇಲೆ ನಮ್ಮ ಕಟಾವಿನ ನಷ್ಟಕ್ಕೂ ಒಂದು ಕಾಲಂ ಸೇರಿಸಿ. ಗದ್ದೆಯ ಸರದಿ ಒಂದು ವಾರ ಹಿಡಿದಿಡೋಕೆ ಫ್ಯಾಕ್ಟರಿ ಒಪ್ಪಿದರೆ ಅರ್ಧ ಸಮಸ್ಯೆ ಹೋಯಿತು, ಅದಕ್ಕೆ ಯಾವ ಬಾಂಡೂ ಬೇಡ.

ಹೆಜ್ಜಾರ್ಲೆ ಊರಿನವ, ಮದ್ದೂರು ತಾಲ್ಲೂಕು

ಬೋರ್ಡು ಹಾಕಬೇಡಿ ಮಾರಾಯ್ರೆ, ಮರಕ್ಕೆ ಮೊಳೆ ಹೊಡೆಯುತ್ತಾರೆ.

ಯೋಜನೆ ಪರವಾಗಿಲ್ಲ. ಆದರೆ ಖಾತ್ರಿ ಹಣ ಅಂತ ಐದು ವರ್ಷಕ್ಕೂ ಒಂದೇ ಮೊತ್ತ ಬರೆದರೆ ಎರಡನೇ ವರ್ಷಕ್ಕೇ ಯಾರೂ ಕೇಳಲ್ಲ. ಹುಣಸೆ ರೇಟು ವರ್ಷ ವರ್ಷ ಬೇರೆ. ಒಳ್ಳೆ ರೇಟು ಬಂದ ವರ್ಷ ಗಳು ಹಿಡಿಯೋ ಆಸೆ ಆಗೇ ಆಗುತ್ತೆ. ಮರಕ್ಕೆ ಕೊಡೋದನ್ನ ಆಯಾ ವರ್ಷದ ಮಾರ್ಕೆಟ್ ರೇಟಿಗೆ ಕಟ್ಟಿ. ಮತ್ತೆ ಹಣ್ಣು ಬಡಿಯೋ ಕಾಲಕ್ಕೆ ಮೊದಲೇ ಕೈಗೆ ಬರಬೇಕು, ಮಳೆಗಾಲದಲ್ಲಿ ಅಲ್ಲ. ಎಣಿಸೋರು ಜನವರಿ ಮೇಲೆ ಬನ್ನಿ, ಅದಕ್ಕೆ ಮೊದಲು ಬಂದರೆ ಅರ್ಧ ಗೂಡೂ ಕಾಣಲ್ಲ.